ಎಕ್ಸ್‌ಬಾಕ್ಸ್ 360ರ ಕೌಂಟರ್ ಸ್ಟ್ರೈಕ್ ಗೋ: ಇಷ್ಟು ವರ್ಷ ಆಡಿದ ಮೇಲೆ

ಎರಡು ತಂಡಗಳು ಗನ್ ಹಿಡಿದು ಎದುರಾಗುವ ಕೌಂಟರ್ ಸ್ಟ್ರೈಕ್, ಕೀಬೋರ್ಡ್, ಮೌಸ್ ಇಟ್ಟುಕೊಂಡೇ ಹುಟ್ಟಿದ ಆಟ. ಅದನ್ನು ಸೋಫಾ ಮೇಲೆ ಕೂತು ಕಂಟ್ರೋಲರ್‌ನಲ್ಲಿ ಆಡ್ತೀನಿ ಅಂದರೆ ಈಗಲೂ ಮೂಗು ಮುರಿಯುವವರೇ ಜಾಸ್ತಿ. ನಾನು ಈ ಸರಣಿಯ ಗ್ಲೋಬಲ್ ಅಫೆನ್ಸಿವ್ ಆಟದ (ಚಿಕ್ಕದಾಗಿ ಸಿಎಸ್ ಗೋ) ಎಕ್ಸ್‌ಬಾಕ್ಸ್ 360 ಆವೃತ್ತಿಯನ್ನು ಅದು ಬಂದಾಗಿನಿಂದ ಆಡುತ್ತಾ ಬಂದಿದ್ದೇನೆ. ಮೊದಲು 360ರಲ್ಲಿ, ಈಗ ಹೊಸ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ನಲ್ಲಿ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಈ ಆಟವನ್ನು ಕಂಟ್ರೋಲರ್‌ಗೆ ಒಗ್ಗಿಸಿದ ಕೆಲಸ ಚೆನ್ನಾಗಿದೆ, ಜನ ಹೇಳುವುದಕ್ಕಿಂತ ತುಂಬಾ ಚೆನ್ನಾಗಿದೆ. ಬೇಜಾರಾಗುವುದು ಆಮೇಲಿನ ಕಥೆ ನೆನೆದಾಗ. ಕನ್ಸೋಲ್‌ಗೆ (ಟಿವಿಗೆ ಜೋಡಿಸಿ ಆಡುವ ಯಂತ್ರಕ್ಕೆ) ತಂದ ಆಟವನ್ನು ಅಲ್ಲೇ ಬಿಟ್ಟು ಹೋದರು.

ತುಂಬಾ ಜನಕ್ಕೆ ಗೊತ್ತಿಲ್ಲದ ವಿಷಯ ಒಂದಿದೆ. ಸಿಎಸ್ ಗೋ ಶುರುವಾಗಿದ್ದೇ ಕನ್ಸೋಲ್‌ಗೋಸ್ಕರ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಬೆಲ್‌ವ್ಯೂನಲ್ಲಿರುವ ಹಿಡನ್ ಪಾತ್ ಎಂಟರ್‌ಟೇನ್‌ಮೆಂಟ್ ಎಂಬ ಸಂಸ್ಥೆ ಕೌಂಟರ್ ಸ್ಟ್ರೈಕ್ ಸೋರ್ಸ್ ಎಂಬ ಹಿಂದಿನ ಆಟವನ್ನು ಕನ್ಸೋಲ್‌ಗೆ ತರುವ ಕೆಲಸದಲ್ಲಿತ್ತು. ಅದನ್ನು ನೋಡಿದ, ಈ ಸರಣಿಯ ಒಡೆಯರಾದ ವಾಲ್ವ್ ಕಂಪನಿಯವರು, ಇದನ್ನೇ ಬೆಳೆಸಿ ಪೂರ್ತಿ ಹೊಸ ಆಟ ಮಾಡೋಣ ಅಂತ ನಿರ್ಧರಿಸಿದರು. 2011ರ ಆಗಸ್ಟ್‌ನಲ್ಲಿ ಘೋಷಣೆ. 2012ರ ಆಗಸ್ಟ್ 21ಕ್ಕೆ ವಿಂಡೋಸ್, ಮ್ಯಾಕ್, ಎಕ್ಸ್‌ಬಾಕ್ಸ್ 360, ಪಿಎಸ್3 (ಸೋನಿಯ ಪ್ಲೇಸ್ಟೇಷನ್ 3) ನಾಲ್ಕರಲ್ಲೂ ಬಿಡುಗಡೆ. 360ರಲ್ಲಿ ಬೆಲೆ 1200 ಮೈಕ್ರೋಸಾಫ್ಟ್ ಪಾಯಿಂಟ್, ಅಂದರೆ 15 ಡಾಲರ್. ಮುಂದೆ ಕೋಟಿಗಟ್ಟಲೆ ಜನ ಪಿಸಿಯಲ್ಲಿ ಆಡಿದ ಆಟದ ಮೂಲ ಒಂದು ಕನ್ಸೋಲ್ ಪೋರ್ಟ್ (ಬೇರೆ ಯಂತ್ರಕ್ಕೆ ಒಗ್ಗಿಸಿದ ಆವೃತ್ತಿ) ಅನ್ನುವುದು ನನಗೆ ಈಗಲೂ ಖುಷಿ ಕೊಡುವ ಸಂಗತಿ.

ಈ ಸರಣಿ ಕನ್ಸೋಲ್‌ಗೆ ಬಂದಿದ್ದು ಅದೇ ಮೊದಲಲ್ಲ. 2003ರ ನವೆಂಬರ್‌ನಲ್ಲೇ ಮೊದಲ ಎಕ್ಸ್‌ಬಾಕ್ಸ್‌ಗೆ ಒಂದು ಕೌಂಟರ್ ಸ್ಟ್ರೈಕ್ ಬಂದಿತ್ತು. ಹಳೆಯ ಎಕ್ಸ್‌ಬಾಕ್ಸ್ ಆಟಗಳ ಆನ್‌ಲೈನ್ ಸೇವೆಯನ್ನು 2010ರ ಏಪ್ರಿಲ್‌ನಲ್ಲಿ ನಿಲ್ಲಿಸಿದಾಗ ಅದರ ಆನ್‌ಲೈನ್ ಆಟವೂ ಮುಗಿಯಿತು.

ಈಗ ಕೈಗೆ ಬರೋಣ, ಯಾಕಂದರೆ ಇಂಥ ಪೋರ್ಟ್‌ನ ಜೀವ ಇರುವುದೇ ಅಲ್ಲಿ.

ಕೌಂಟರ್ ಸ್ಟ್ರೈಕ್‌ನಲ್ಲಿ ಓಡುತ್ತಾ ಗುಂಡು ಹೊಡೆದರೆ ತಾಗಲ್ಲ. ನಿಲ್ಲಬೇಕು, ಆಮೇಲೆ ಹೊಡೆಯಬೇಕು. ಕೀಬೋರ್ಡ್‌ನಲ್ಲಿ ಬಲಕ್ಕೆ ಓಡುತ್ತಿರುವವರು ಎಡದ ಕೀ ಒಮ್ಮೆ ಮುಟ್ಟಿದರೆ ಗಕ್ಕನೆ ನಿಲ್ಲುತ್ತಾರೆ. ಅದೇ ಕ್ಷಣಕ್ಕೆ ಗುಂಡು ಹೋಗಬೇಕು. ಕಂಟ್ರೋಲರ್‌ನಲ್ಲಿ ಹೆಬ್ಬೆರಳಿಂದ ಬಗ್ಗಿಸುವ ಸ್ಟಿಕ್‌ನಲ್ಲಿ ಆ ಕೆಲಸ ಬೇರೆ ಥರ. ಬಲಕ್ಕೆ ಪೂರ್ತಿ ಒತ್ತಿದ ಸ್ಟಿಕ್ ಅನ್ನು ಸುಮ್ನೆ ಬಿಟ್ಟರೆ ಆಟಗಾರ ಸ್ವಲ್ಪ ದೂರ ಜಾರಿಕೊಂಡೇ ಹೋಗುತ್ತಾನೆ. ಹೆಬ್ಬೆರಳಿನಿಂದ ಎಡಕ್ಕೆ ಒಂದು ಚಿಕ್ಕ ತಟ್ಟು ಕೊಟ್ಟು ಬಿಡಬೇಕು. ಜೋರಾಗಿ ತಟ್ಟಿದರೆ ಎಡಕ್ಕೆ ನಡೆಯಲು ಶುರು, ಮೆಲ್ಲಗೆ ತಟ್ಟಿದರೆ ನಿಲ್ಲುವುದೇ ಇಲ್ಲ. ಅದರ ಹದ ಹೆಬ್ಬೆರಳಿಗೆ ಕೂತ ಮೇಲೆ ಎಕೆ-47 ಹಿಡಿದಾಗ ಮೊದಲ ಗುಂಡೇ ತಲೆಗೆ ಬೀಳತೊಡಗುತ್ತದೆ. ಆ ಖುಷಿ ಮೌಸ್‌ನಲ್ಲಿ ಸಿಗುವ ಖುಷಿಗಿಂತ ಒಂದು ಕೂದಲಷ್ಟೂ ಕಡಿಮೆ ಇಲ್ಲ.

ಸ್ಟಿಕ್‌ನಿಂದ ಒಂದು ಲಾಭವೂ ಇದೆ. ಪಿಸಿಯಲ್ಲಿ ಓಡುವುದು, ಶಿಫ್ಟ್ ಒತ್ತಿ ನಡೆಯುವುದು, ಎರಡೇ ವೇಗ. ಸ್ಟಿಕ್ ಅನ್ನು ಎಷ್ಟು ಬಗ್ಗಿಸುತ್ತೇವೋ ಅಷ್ಟು ವೇಗ. ಅರ್ಧ ಬಗ್ಗಿಸಿ ಹೋದರೆ ಹೆಜ್ಜೆ ಸದ್ದು ಕೇಳಲ್ಲ. ಇನ್ಫರ್ನೋ ಅನ್ನುವ ಮ್ಯಾಪ್‌ನ (ಆಟ ನಡೆಯುವ ಜಾಗದ) ಬನಾನಾ ದಾರಿಯಲ್ಲಿ ಗೋಡೆಗೆ ಅಂಟಿಕೊಂಡು ಸದ್ದಿಲ್ಲದೆ ಏರುವಾಗ ಈ ನಾಜೂಕು ಎಷ್ಟು ಸಹಾಯ ಮಾಡುತ್ತದೆ ಅಂತ ಆಡಿದವರಿಗೇ ಗೊತ್ತು.

ಕಷ್ಟ ಇರುವುದು ತಿರುಗುವಲ್ಲಿ. ಬೆನ್ನ ಹಿಂದೆ ಸದ್ದಾದರೆ ಮೌಸ್‌ನವರು ಕಣ್ಣು ಮಿಟುಕಿಸುವಷ್ಟರಲ್ಲಿ ತಿರುಗುತ್ತಾರೆ. ಸ್ಟಿಕ್‌ನಲ್ಲಿ ಅದಕ್ಕೆ ಹೊತ್ತು ಹಿಡಿಯುತ್ತದೆ. ಕಣ್ಣು ಕುಕ್ಕಿಸುವ ಫ್ಲ್ಯಾಶ್ ಬಾಂಬ್ ಬಂದಾಗ ಮುಖ ತಿರುಗಿಸಿಕೊಳ್ಳುವುದೂ ಹಾಗೇ, ಎಷ್ಟೋ ಸಲ ಅರ್ಧ ತಿರುಗುವಷ್ಟರಲ್ಲಿ ಸ್ಕ್ರೀನ್ ಬೆಳ್ಳಗಾಗಿರುತ್ತದೆ. ಹಾಗಂತ ಇದನ್ನು ಅನ್ಯಾಯ ಅನ್ನಲಾರೆ. ಎಕ್ಸ್‌ಬಾಕ್ಸ್‌ನಲ್ಲಿ ಎದುರಿಗಿರುವವನ ಕೈಯಲ್ಲೂ ಅದೇ ಕಂಟ್ರೋಲರ್ ಇರುತ್ತದೆ, ಅಲ್ವಾ? ಆಟದ ಲಯವೇ ಸ್ವಲ್ಪ ಬದಲಾಗುತ್ತದೆ, ಅಷ್ಟೇ. ಕೈಚಳಕಕ್ಕಿಂತ ಎಲ್ಲಿ ನಿಲ್ಲುತ್ತೀರಿ, ಮೂಲೆ ತಿರುಗುವ ಮೊದಲೇ ಗುರಿಯನ್ನು ತಲೆಯ ಎತ್ತರಕ್ಕೆ ಇಟ್ಟುಕೊಂಡಿದ್ದೀರಾ ಅನ್ನುವುದು ಮುಖ್ಯವಾಗುತ್ತದೆ. ಬೆಂಗಳೂರಿನ ಸೈಬರ್ ಕೆಫೆಗಳಲ್ಲಿ ಗಂಟೆಗಿಷ್ಟು ಅಂತ ಕೊಟ್ಟು ಹಳೆಯ ಕೌಂಟರ್ ಸ್ಟ್ರೈಕ್ 1.6 ಆಡಿ ಬೆಳೆದ ನನ್ನಂಥವರಿಗೆ ಅಲ್ಲಿ ಕಲಿತದ್ದೆಲ್ಲ ಇಲ್ಲೂ ಕೆಲಸಕ್ಕೆ ಬರುತ್ತದೆ. ಡಸ್ಟ್ 2 ಮ್ಯಾಪ್‌ನ ಲಾಂಗ್ ಅನ್ನುವ ದಾರಿಯಲ್ಲಿ ಎಲ್ಲಿಂದ ಇಣುಕಬೇಕು, ಎಷ್ಟು ಹೊತ್ತು ಕಾಯಬೇಕು ಅನ್ನುವುದಕ್ಕೆ ಮೌಸ್ ಬೇಕಿಲ್ಲ.

ರೌಂಡ್ ಶುರುವಿನಲ್ಲಿ ಆಟದೊಳಗಿನ ದುಡ್ಡಲ್ಲಿ ಗನ್ ಕೊಳ್ಳುವ ಮೆನು ಬಗ್ಗೆ ಎರಡು ಮಾತು ಹೇಳಲೇಬೇಕು. ಹಳೆಯ ಕೌಂಟರ್ ಸ್ಟ್ರೈಕ್‌ನಲ್ಲಿ ಬಿ ಒತ್ತಿ ಅಂಕಿ ಒತ್ತಿದರೆ ಗನ್ ಕೈಗೆ ಬರುತ್ತಿತ್ತು. ಕಂಟ್ರೋಲರ್‌ನಲ್ಲಿ ಅಂಕಿಗಳೇ ಇಲ್ಲ. ಅದಕ್ಕೇ ಇಲ್ಲಿ ಚಕ್ರದ ಮೆನು ತಂದರು. ಪಿಸ್ತೂಲ್, ಹೆವಿ, ಎಸ್‌ಎಂಜಿ, ರೈಫಲ್, ಗೇರ್, ಗ್ರೆನೇಡ್ ಅಂತ ಆರು ಭಾಗ. ಸ್ಟಿಕ್ ಅನ್ನು ಒಂದು ದಿಕ್ಕಿಗೆ ಒತ್ತಿದರೆ ರೈಫಲ್‌ಗಳು, ಮತ್ತೊಮ್ಮೆ ಒತ್ತಿದರೆ ಎಕೆ. ಕೆಲವು ದಿನ ಕಳೆದರೆ ಮೆನು ನೋಡುವುದೇ ಬೇಡ, ಹೆಬ್ಬೆರಳು ತಾನಾಗಿ ಆ ದಿಕ್ಕಿಗೆ ಹೋಗುತ್ತದೆ. 2700 ಡಾಲರ್‌ನ ಎಕೆ ತಗೋಬೇಕಾ, ಇನ್ನೊಂದು ರೌಂಡ್ ದುಡ್ಡು ಉಳಿಸಿ 4750ರ ಎಡಬ್ಲ್ಯೂಪಿ ಸ್ನೈಪರ್ ರೈಫಲ್ ತಗೋಬೇಕಾ ಅಂತ ಯೋಚಿಸುವುದಕ್ಕೆ ಸಮಯ ಉಳಿಯುತ್ತದೆ. ಈ ಚಕ್ರ ಎಷ್ಟು ಸರಿ ಕೂತಿತ್ತು ಅಂದರೆ ಪಿಸಿ ಆವೃತ್ತಿಯಲ್ಲೂ ಅದೇ ಉಳಿಯಿತು. ಇದರ ಮುಂದಿನ ಆಟ ಕೌಂಟರ್ ಸ್ಟ್ರೈಕ್ 2 ಬರುವ ತನಕ ಪಿಸಿಯವರೂ ಕನ್ಸೋಲ್‌ಗೆ ಹೊಂದುವ ಮೆನುವಿನಲ್ಲೇ ಗನ್ ಕೊಂಡರು.

ಮ್ಯಾಪ್‌ಗಳು 16. ಡಸ್ಟ್, ಡಸ್ಟ್ 2, ಆಜ್ಟೆಕ್, ನ್ಯೂಕ್, ಇನ್ಫರ್ನೋ, ಟ್ರೇನ್, ಇಟಲಿ, ಆಫೀಸ್ ಎಂಟು ಹಳೆಯವು. ಉಳಿದವು ಆರ್ಮ್ಸ್ ರೇಸ್, ಡೆಮೊಲಿಷನ್ ಅನ್ನುವ ಚಿಕ್ಕ ಆಟಗಳಿಗೆ ಮಾಡಿದ್ದು. ಅವುಗಳಲ್ಲಿ ಲೇಕ್ ಮತ್ತು ಸೇಫ್‌ಹೌಸ್ ನನಗೆ ತುಂಬಾ ಇಷ್ಟ. ಊಟ ಆದ ಮೇಲೆ ಒಂದಿಷ್ಟು ಹೊತ್ತು ಆಡಿ ಎದ್ದು ಹೋಗುವವರಿಗೆ ಹೇಳಿ ಮಾಡಿಸಿದ ಹಾಗಿವೆ.

ಇನ್ನು ಬೇಜಾರಿನ ಭಾಗ.

ಬಿಡುಗಡೆ ಆದ ಮೇಲೆ ಪಿಸಿ ಆವೃತ್ತಿಗೆ ಒಂದರ ಹಿಂದೆ ಒಂದು ಅಪ್‌ಡೇಟ್ ಬಂತು. 2013ರಲ್ಲಿ ಮಿರಾಜ್ ಮ್ಯಾಪ್ ಬಂತು. ಅದೇ ಆಗಸ್ಟ್‌ನಲ್ಲಿ ಆರ್ಮ್ಸ್ ಡೀಲ್ ಅನ್ನುವ ಅಪ್‌ಡೇಟ್ ಜೊತೆ ಗನ್ ಸ್ಕಿನ್‌ಗಳು (ಗನ್ ಮೇಲಿನ ಬಣ್ಣ, ಚಿತ್ತಾರ) ಬಂದವು, ಎಂ4ಎ1-ಎಸ್ ರೈಫಲ್ ಬಂತು. ಆಮೇಲೆ ಓವರ್‌ಪಾಸ್ ಮ್ಯಾಪ್, ಸಿಜೆಡ್75 ಪಿಸ್ತೂಲ್, ಆರ್8 ರಿವಾಲ್ವರ್. ಟ್ರೇನ್, ನ್ಯೂಕ್, ಇನ್ಫರ್ನೋ, ಡಸ್ಟ್ 2 ಎಲ್ಲವನ್ನೂ ಹೊಸದಾಗಿ ಕಟ್ಟಿದರು. 2018ರ ಡಿಸೆಂಬರ್‌ನಲ್ಲಿ ಆಟವೇ ಉಚಿತವಾಯಿತು. ಇದರಲ್ಲಿ ಒಂದೂ ಕನ್ಸೋಲ್‌ಗೆ ಬರಲಿಲ್ಲ. ಮಿರಾಜ್ ಇಲ್ಲದ ಸಿಎಸ್ ಗೋ ಅಂದರೆ ಇಂದಿನ ಹುಡುಗರು ನಂಬಲ್ಲ. ಆದರೆ 360ರಲ್ಲಿ ಇರುವುದು ಅದೇ.

ಇದರ ಸುಳಿವು ಬಿಡುಗಡೆಗೂ ಮೊದಲೇ ಸಿಕ್ಕಿತ್ತು. ಪಿಎಸ್3ಯಲ್ಲಿ ಆಡುವವರು ಪಿಸಿ, ಮ್ಯಾಕ್‌ನವರ ಜೊತೆ ಸೇರಿ ಆಡಬಹುದು ಅಂತ ಮೊದಲು ಹೇಳಿದ್ದರು. 2012ರ ಮಾರ್ಚ್‌ನಲ್ಲಿ ಆ ಯೋಜನೆ ಕೈಬಿಟ್ಟರು. ಪಿಸಿಗೆ ಬೇಕಾದಾಗೆಲ್ಲ ಅಪ್‌ಡೇಟ್ ಕೊಡಬೇಕು, ಕನ್ಸೋಲ್‌ಗೆ ಕಾಯುತ್ತಾ ಕೂರಲಾಗದು ಅನ್ನುವುದು ಅವರ ಕಾರಣ. ಕಾರಣ ನಿಜವೇ. ಕನ್ಸೋಲ್‌ನಲ್ಲಿ ಪ್ರತಿ ಅಪ್‌ಡೇಟ್‌ಗೂ ಕಂಪನಿಯ ಪರೀಕ್ಷೆ, ಅನುಮತಿ ಅಂತ ಇರುತ್ತದೆ. ಜೊತೆಗೆ 360ರಲ್ಲಿ ಇದ್ದ ಮೆಮೊರಿಯೇ 512 ಎಂಬಿ. ಮುಂದೆ ಪಿಸಿಯಲ್ಲಿ ಬಂದ ಅಷ್ಟು ದೊಡ್ಡ ಮ್ಯಾಪ್‌ಗಳು, ಅಷ್ಟೊಂದು ಸ್ಕಿನ್‌ಗಳು ಅದರಲ್ಲಿ ಹಿಡಿಸುವುದು ಸುಲಭ ಇರಲಿಲ್ಲ ಅಂತ ಒಪ್ಪುತ್ತೇನೆ. ಆದರೆ ಒಂದು ಹೊಸ ಮ್ಯಾಪ್ ಕೊಡಬಹುದಿತ್ತು, ಗನ್‌ಗಳ ಬಲ, ಬೆಲೆ ಸರಿ ಮಾಡಬಹುದಿತ್ತು. ಪಿಸಿಯವರು ಕೊಟ್ಟಷ್ಟೇ ದುಡ್ಡು ಕನ್ಸೋಲ್‌ನವರೂ ಕೊಟ್ಟಿದ್ದರು. ಹತ್ತು ಜನ ಸೇರಿ ಆಡುವ ಆಟಕ್ಕೆ ಅಪ್‌ಡೇಟ್ ಅಂದರೆ ಬಾವಿಗೆ ಬರುವ ಒರತೆ ಇದ್ದ ಹಾಗೆ. ಅದು ನಿಂತರೆ ಇರುವ ನೀರು ಎಷ್ಟು ದಿನ ಬಂದೀತು?

ಜನ ಕಡಿಮೆಯಾದರು. ಮೊದಮೊದಲು ಗೆಳೆಯರೆಲ್ಲ ಹೆಡ್‌ಸೆಟ್ ಹಾಕಿಕೊಂಡು "ಮಿಡ್ ಡೋರ್‌ನಲ್ಲಿ ಒಬ್ಬ ಇದಾನೆ, ನೀನು ಟನಲ್ ಕಡೆ ನೋಡ್ಕೋ" ಅಂತ ಕನ್ನಡದಲ್ಲೇ ಕೂಗಾಡಿ ಆಡುತ್ತಿದ್ದೆವು. ಒಬ್ಬೊಬ್ಬರಾಗಿ ಪಿಸಿಗೆ ಹೋದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಆಟ ಬೆಳೆಯುತ್ತಿದ್ದುದು ಅಲ್ಲಿ. ನಾನು ಉಳಿದುಕೊಂಡೆ. ಇಡೀ ದಿನ ಕೆಲಸಕ್ಕೆ ಕಂಪ್ಯೂಟರ್ ಮುಂದೆ ಕೂತವನಿಗೆ ಆಟಕ್ಕೂ ಅದೇ ಕುರ್ಚಿ ಬೇಡ ಅನಿಸುತ್ತದೆ.

ಪಿಎಸ್3 ಆವೃತ್ತಿಯನ್ನು ನಾನು ಗೆಳೆಯರ ಮನೆಯಲ್ಲಷ್ಟೇ ಆಡಿದ್ದು. ಅದಕ್ಕೆ ಯುಎಸ್‌ಬಿ ಕೀಬೋರ್ಡ್, ಮೌಸ್ ಚುಚ್ಚಿ ಆಡಬಹುದಿತ್ತು, ಕೈ ಆಡಿಸಿ ಗುರಿ ಇಡುವ ಮೂವ್ ಕಂಟ್ರೋಲರ್‌ನಲ್ಲೂ ಆಡಬಹುದಿತ್ತು. ಇದು ದೊಡ್ಡ ಮನಸ್ಸಿನ ನಿರ್ಧಾರ. 360ರಲ್ಲಿ ಆ ಆಯ್ಕೆ ಇರಲಿಲ್ಲ. ಆದರೆ ಪಿಎಸ್3 ಆಟಗಳು ಪಿಎಸ್4, ಪಿಎಸ್5ಗಳಲ್ಲಿ ನೇರವಾಗಿ ಓಡಲ್ಲ. ಹಾಗಾಗಿ ಅದನ್ನು ಆಡಬೇಕೆಂದರೆ ಹಳೆಯ ಯಂತ್ರವನ್ನೇ ಜೋಪಾನ ಮಾಡಬೇಕು. 360 ಆವೃತ್ತಿಗೆ ಆ ತೊಂದರೆ ಇಲ್ಲ. ಹೊಸ ಎಕ್ಸ್‌ಬಾಕ್ಸ್‌ಗಳಲ್ಲೂ ಓಡುತ್ತದೆ. 360ರ ಅಂಗಡಿ 2024ರ ಜುಲೈ 29ಕ್ಕೆ ಮುಚ್ಚಿದರೂ ನನ್ನ ಆಟ ಸೀರೀಸ್ ಎಕ್ಸ್‌ನಲ್ಲಿ ಆರಾಮಾಗಿ ನಡೆಯುತ್ತಿದೆ.

2023ರ ಸೆಪ್ಟೆಂಬರ್ 27ರಂದು ಪಿಸಿಯಲ್ಲಿ ಸಿಎಸ್ ಗೋ ಜಾಗಕ್ಕೆ ಕೌಂಟರ್ ಸ್ಟ್ರೈಕ್ 2 ಬಂತು. ಹಳೆಯ ಆಟವನ್ನು ವಾಲ್ವ್‌ನ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಬೇರೆ ದಾರಿಯಿಂದ ಇಳಿಸಿಕೊಳ್ಳಬಹುದು, ಆದರೆ ಅದಕ್ಕೆ ಆಟಗಾರರನ್ನು ಹುಡುಕಿ ಕೂಡಿಸುವ ವಾಲ್ವ್‌ನ ಮ್ಯಾಚ್‌ಮೇಕಿಂಗ್ ಇಲ್ಲ. ಅದೂ ಹನ್ನೊಂದು ವರ್ಷ ಬದಲಾದ ಕೊನೆಯ ರೂಪ. 2012ರಲ್ಲಿ ಬಂದ ಸಿಎಸ್ ಗೋ ಹೇಗಿತ್ತು, ಹಳೆಯ ನ್ಯೂಕ್‌ನ ಹಳದಿ ಗೋಡೆಗಳು ಹೇಗಿದ್ದವು, ಸ್ಕಿನ್ ಇಲ್ಲದ ಬರೀ ಮರ, ಲೋಹದ ಎಕೆ ಹೇಗೆ ಕಾಣುತ್ತಿತ್ತು ಅಂತ ನೋಡಬೇಕಾದರೆ ಕನ್ಸೋಲ್‌ಗೇ ಬರಬೇಕು. ಯಾರೂ ಮುಟ್ಟದೆ ಬಿಟ್ಟಿದ್ದರಿಂದ ಅದು ಹಾಗೇ ಉಳಿದುಕೊಂಡಿದೆ. ಸ್ಕಿನ್ ಸಿಗುವ ಪೆಟ್ಟಿಗೆ ತೆರೆಯೋದು, ಸ್ಕಿನ್ ಮಾರೋದು, ಯಾರ ಚಾಕು ಎಷ್ಟು ಲಕ್ಷ ಅನ್ನೋ ಮಾತು, ಯಾವುದೂ ಇಲ್ಲಿಲ್ಲ. ರೌಂಡ್ ಶುರುವಾಗುತ್ತದೆ, ಗನ್ ಕೊಳ್ಳುತ್ತೇವೆ, ಆಡುತ್ತೇವೆ. ನನಗೆ ಇದು ಬಹಳ ಇಷ್ಟ.

ಈಗ ತಗೋಬಹುದಾ ಅಂತ ಕೇಳುವವರಿಗೆ: ಒಳ್ಳೆಯ ಪಿಸಿ ಇದ್ದು, ಮೇಜಿನ ಮುಂದೆ ಕೂರಲು ಬೇಸರ ಇಲ್ಲದಿದ್ದರೆ ಕೌಂಟರ್ ಸ್ಟ್ರೈಕ್ 2 ಆಡಿ, ಅದು ಉಚಿತ. ಮನೆಯಲ್ಲಿ ಹೊಸ ಎಕ್ಸ್‌ಬಾಕ್ಸ್ ಇದ್ದು, ಹಳೆಯ ಮ್ಯಾಪ್‌ಗಳ ಮೇಲೆ ಪ್ರೀತಿ ಇದ್ದರೆ ಇದು ಕೊಳ್ಳುವಂಥದ್ದೇ. ಆನ್‌ಲೈನ್ ಆಡಲು ಎಕ್ಸ್‌ಬಾಕ್ಸ್ ಚಂದಾ ಬೇಕು ಅನ್ನುವುದು ನೆನಪಿರಲಿ. ವಾರದ ಮಧ್ಯೆ ಹಗಲಲ್ಲಿ ಜನ ಸಿಗುವುದು ಕಷ್ಟ. ಶನಿವಾರ ರಾತ್ರಿ ತಡವಾಗಿ ಹುಡುಕಿದರೆ ಸಿಗುತ್ತಾರೆ, ಆದರೆ ಹೆಚ್ಚಿನವರು ದೂರದ ದೇಶದವರು, ಪಿಂಗ್ (ಸಂಪರ್ಕದ ತಡ) ಜಾಸ್ತಿ ಇರುತ್ತದೆ. ಆಗ ಮೂಲೆಗಳಲ್ಲಿ ಇಣುಕಿ ಹೊಡೆಯುವುದಕ್ಕಿಂತ ಒಂದು ಜಾಗ ಹಿಡಿದು ಕಾಯುವುದು ಒಳ್ಳೆಯದು. ಯಾರೂ ಸಿಗದ ದಿನ ಬಾಟ್‌ಗಳ (ಕಂಪ್ಯೂಟರ್ ಆಡಿಸುವ ಆಟಗಾರರ) ಜೊತೆ ಆಫ್‌ಲೈನ್ ಆಡಬಹುದು.

ಮೊದಲ ಸಲ ಆಡುವವರು ಸೆನ್ಸಿಟಿವಿಟಿಯನ್ನು ಇಳಿಸಿಯೇ ಶುರು ಮಾಡಿ. ಬೇಗ ತಿರುಗಬೇಕು ಅಂತ ಎಲ್ಲರೂ ಅದನ್ನು ಏರಿಸುತ್ತಾರೆ, ಆಮೇಲೆ ದೂರದ ತಲೆಗೆ ಗುರಿ ನಿಲ್ಲಲ್ಲ. ಆಫೀಸ್ ಮ್ಯಾಪ್‌ನಲ್ಲಿ ಬಾಟ್‌ಗಳ ಎದುರು ಒಂದು ವಾರ ಬರೀ ನಿಂತು ಹೊಡೆಯುವುದನ್ನು ಅಭ್ಯಾಸ ಮಾಡಿ, ಸ್ಪ್ರೇ (ಒಂದೇ ಸಮನೆ ಹೊಡೆಯುವುದು) ಬೇಡ, ಎರಡೆರಡೇ ಗುಂಡು. ಆಮೇಲೆ ಡಸ್ಟ್ 2ಕ್ಕೆ ಬನ್ನಿ.