ಬಟ್ಟೆ ಹಗ್ಗದ ಕೆಳಗೆ ಹಾರುವ ಹೆಲಿಕಾಪ್ಟರ್

ಜುಲೈ ಬಂತೆಂದರೆ ನಮ್ಮ ಮನೆಯೊಳಗೆ ಜಾಗವೇ ಇರುವುದಿಲ್ಲ. ನಡುಮನೆಯಲ್ಲಿ ಅಡ್ಡಡ್ಡ ಹಗ್ಗ ಕಟ್ಟಿ ಬಟ್ಟೆ ಹರವಿರುತ್ತೇವೆ, ಮೂರು ದಿನವಾದರೂ ಒಣಗುವುದಿಲ್ಲ. ಹೊರಗೆ ಬಿಡದ ಮಳೆ. ಡಿಸಿ ಶಾಲೆಗೆ ರಜೆ ಘೋಷಿಸಿದರೆಂದರೆ ಒಂಬತ್ತು ವರ್ಷದ ಮಗ ಬೆಳಿಗ್ಗೆಯಿಂದ ಸೋಫಾದಿಂದ ನೆಲಕ್ಕೆ, ನೆಲದಿಂದ ಸೋಫಾಗೆ ಜಿಗಿಯುತ್ತಿರುತ್ತಾನೆ. ಮೊಬೈಲ್ ಕೊಡಬಾರದು ಅಂತ ನಾವೇ ಮಾಡಿಕೊಂಡ ನಿಯಮ. ಹಾಗಾಗಿ ಮನೆಯೊಳಗೆ ಹಾರಿಸುವ ರಿಮೋಟ್ ಹೆಲಿಕಾಪ್ಟರ್ ಹುಡುಕಲು ಹೊರಟೆವು. ಎರಡು ಮಳೆಗಾಲದಲ್ಲಿ ಮೂರು ಹೆಲಿಕಾಪ್ಟರ್ ಬಂದವು. ಎರಡು ಅಟ್ಟ ಸೇರಿವೆ. ಒಂದು ಇನ್ನೂ ಹಾರುತ್ತಿದೆ.

ಮೊದಲನೆಯದು ಪೇಟೆಗೆ ಹೋದಾಗ ಒಂದು ಅಂಗಡಿಯಲ್ಲಿ 450 ರೂಪಾಯಿ ಕೊಟ್ಟು ತಂದಿದ್ದು. ಡಬ್ಬಿಯ ಮೇಲೆ ಕಂಪನಿ ಹೆಸರೇ ಇರಲಿಲ್ಲ. ಎರಡು ಚಾನೆಲ್. ಚಾನೆಲ್ ಅಂದರೆ ಟಿವಿ ಚಾನೆಲ್ ಅಲ್ಲ, ನಾವು ಎಷ್ಟು ಬಗೆಯ ಚಲನೆಯನ್ನು ಹಿಡಿತದಲ್ಲಿ ಇಟ್ಟುಕೊಳ್ಳಬಹುದು ಅನ್ನುವ ಲೆಕ್ಕ. ಎರಡು ಚಾನೆಲ್‌ನದಕ್ಕೆ ಮೇಲೆ ಕೆಳಗೆ ಹೋಗುವುದು, ಎಡಕ್ಕೆ ಬಲಕ್ಕೆ ತಿರುಗುವುದು, ಇಷ್ಟೇ ಗೊತ್ತು. ಹಾಗಾದರೆ ಮುಂದೆ ಹೇಗೆ ಹೋಗುತ್ತದೆ? ಮೂತಿಯನ್ನು ಸ್ವಲ್ಪ ಭಾರ ಮಾಡಿರುತ್ತಾರೆ, ಅದಕ್ಕೇ ಯಾವಾಗಲೂ ಮುಂದಕ್ಕೆ ನುಗ್ಗುತ್ತಲೇ ಇರುತ್ತದೆ. ನಿಲ್ಲಿಸಲು ಆಗಲ್ಲ, ಹಿಂದೆ ತರಲು ಆಗಲ್ಲ. ದೊಡ್ಡ ಹಾಲ್‌ನಲ್ಲಿ ಸುತ್ತು ಹಾಕಿಸಬಹುದೇನೋ, ನಮ್ಮ ಮನೆಯಲ್ಲಿ ಮೊದಲ ದಿನವೇ ಒದ್ದೆ ಟವೆಲ್ ಒಳಗೆ ಹೋಗಿ ಸುತ್ತಿಕೊಂಡಿತು. ಒಂದು ವಾರಕ್ಕೆ ಚಾರ್ಜ್ ಹಿಡಿಯುವುದನ್ನೇ ಬಿಟ್ಟಿತು. ಅಂಗಡಿಯವರು ಗ್ಯಾರಂಟಿ ಇಲ್ಲ ಅಂದರು. ಇಲ್ಲ ಅಂತ ನಮಗೂ ಗೊತ್ತಿತ್ತು ಬಿಡಿ.

ಎರಡನೆಯದು ನಮ್ಮೆಜಮಾನರ ಆಯ್ಕೆ. "ತಗೊಳ್ಳೋದಾದ್ರೆ ಒಳ್ಳೇದೇ ತಗೊಳ್ಳೋಣ" ಅಂತ ಆನ್‌ಲೈನ್‌ನಲ್ಲಿ ನಾಲ್ಕು ಚಾನೆಲ್‌ನದು ತರಿಸಿದರು. ಕೊರಿಯರ್‌ನವರು ತೋಟದವರೆಗೆ ಬರುವುದಿಲ್ಲ, ಫೋನ್ ಮಾಡಿ ಪೇಟೆಯ ಅಂಗಡಿಯೊಂದರಲ್ಲಿ ಇಟ್ಟು ಹೋಗುತ್ತಾರೆ, ಆ ಮಳೆಯಲ್ಲಿ ಹೋಗಿ ತಂದೆವು. ನೋಡಲು ನಿಜವಾದ ಹೆಲಿಕಾಪ್ಟರ್ ಹಾಗೇ. ಮೇಲೆ ಒಂದೇ ಜೊತೆ ರೆಕ್ಕೆ, ಬಾಲದಲ್ಲಿ ಪಕ್ಕಕ್ಕೆ ಮುಖ ಮಾಡಿದ ಪುಟ್ಟ ಫ್ಯಾನ್. ಮುಂದೆ ಹಿಂದೆ ಹೋಗುವುದು ಮೂರನೇ ಚಾನೆಲ್. ಪಕ್ಕಕ್ಕೂ ಜಾರುತ್ತದೆ, ಅದೇ ನಾಲ್ಕನೇ ಚಾನೆಲ್. ತೊಂದರೆಯೂ ಅಲ್ಲೇ ಇರುವುದು. ಇದನ್ನು ಒಂದು ಜಾಗದಲ್ಲಿ ನಿಲ್ಲಿಸಬೇಕೆಂದರೆ ಎರಡು ಕೈಯ ಬೆರಳೂ ಕ್ಷಣಕ್ಷಣಕ್ಕೆ ತಿದ್ದುತ್ತಲೇ ಇರಬೇಕು. ಹತ್ತು ಹನ್ನೆರಡು ಅಡಿ ಅಗಲದ ಕೋಣೆಯಲ್ಲಿ ತಿದ್ದುವಷ್ಟರಲ್ಲಿ ಗೋಡೆ ಬಂದಿರುತ್ತದೆ. ನಮ್ಮವರ ಮೊದಲ ಹಾರಾಟ ನಾಲ್ಕು ಸೆಕೆಂಡ್. ಐದನೇ ಸೆಕೆಂಡಿಗೆ ಅದು ಕ್ಯಾಲೆಂಡರ್ ಹರಿದುಕೊಂಡು ಕೆಳಗೆ ಬಿತ್ತು. "ರೀ, ಇದು ಆಟದ ಸಾಮಾನಾ, ಶಿಕ್ಷೆನಾ?" ಅಂತ ಕೇಳಿದೆ. ಮಾತಾಡಲಿಲ್ಲ. ವಸ್ತು ಕೆಟ್ಟದ್ದೇನಲ್ಲ, ಕಲಿಯುವ ತಾಳ್ಮೆ ಇದ್ದು ಎದುರಿಗೆ ಶಾಲೆಯ ಸಭಾಂಗಣದಷ್ಟು ಜಾಗ ಇದ್ದರೆ ಚೆನ್ನಾಗಿಯೇ ಇರುತ್ತದೆ. ಅಟ್ಟದಲ್ಲಿದೆ, ಬೇಕಾದವರು ಬಂದು ತೆಗೆದುಕೊಂಡು ಹೋಗಬಹುದು.

ಮೂರನೆಯದನ್ನು ನನ್ನ ಅಣ್ಣ ಬೆಂಗಳೂರಿನಿಂದ ಬರುವಾಗ ತಂದ. ಸೈಮಾ ಕಂಪನಿಯ ಎಸ್107ಜಿ. ಹಳೇ ಮಾಡೆಲ್. ಮೂರು ಚಾನೆಲ್, ಸುಮಾರು 22 ಸೆಂಟಿಮೀಟರ್ ಉದ್ದ, ಲೋಹದ ಮೈಕಟ್ಟು. ಇದು ಹಾರಿದ ಮೊದಲ ನಿಮಿಷಕ್ಕೇ ನನಗೆ ವ್ಯತ್ಯಾಸ ಗೊತ್ತಾಯಿತು. ಥ್ರಾಟಲ್, ಅಂದರೆ ರೆಕ್ಕೆಯ ವೇಗ ಏರಿಸಿ ಇಳಿಸುವ ರಿಮೋಟ್‌ನ ಕಡ್ಡಿ, ಅದನ್ನು ನಿಧಾನಕ್ಕೆ ಏರಿಸಿದೆ, ಎದೆಮಟ್ಟಕ್ಕೆ ಬಂತು, ನಿಂತಿತು. ಸುಮ್ನೆ ನಿಂತಿತು!

ಯಾಕೆ ನಿಲ್ಲುತ್ತದೆ ಅನ್ನುವುದು ಗೊತ್ತಾದರೆ ಯಾವುದನ್ನು ಕೊಳ್ಳಬೇಕು ಅನ್ನುವುದೂ ಗೊತ್ತಾಗುತ್ತದೆ, ಅದಕ್ಕೆ ಸ್ವಲ್ಪ ಎಳೆದು ಹೇಳುತ್ತೇನೆ. ಮೇಲಿನ ರೆಕ್ಕೆ ಒಂದು ಕಡೆಗೆ ತಿರುಗಿದರೆ ಕೆಳಗಿನ ಮೈ ಅದರ ವಿರುದ್ಧ ತಿರುಗಲು ನೋಡುತ್ತದೆ. ತಿರುಗುವ ಕುರ್ಚಿಯಲ್ಲಿ ಕೂತು ಬೀಸುಕಲ್ಲು ತಿರುಗಿಸಿದರೆ ಏನಾದೀತು, ಅದೇ. ಇದರಲ್ಲಿ ಒಂದರ ಕೆಳಗೆ ಒಂದು ಎರಡು ಜೊತೆ ರೆಕ್ಕೆ ಇವೆ, ಒಂದು ಜೊತೆ ಹೀಗೆ ತಿರುಗಿದರೆ ಇನ್ನೊಂದು ಹಾಗೆ, ಹಾಗಾಗಿ ಒಂದರ ಎಳೆತವನ್ನು ಇನ್ನೊಂದು ಹೊಡೆದುಹಾಕುತ್ತದೆ. ಎಡಕ್ಕೋ ಬಲಕ್ಕೋ ತಿರುಗಬೇಕಾದಾಗ ಮಾತ್ರ ಒಂದರ ವೇಗ ಜಾಸ್ತಿ, ಇನ್ನೊಂದರದು ಕಮ್ಮಿ. ತುದಿಯಲ್ಲಿ ಎರಡೂ ಕಡೆ ಪುಟ್ಟ ತೂಕ ಇರುವ ಒಂದು ಕಡ್ಡಿ ತಲೆಯ ಮೇಲೆ ತಿರುಗುತ್ತಿರುತ್ತದೆ, ಅದು ವಾಲಿದ್ದನ್ನು ನೆಟ್ಟಗೆ ಮಾಡುತ್ತದೆ. ಒಳಗಿನ ಗೈರೋ, ಅಂದರೆ ತಿರುಗುವುದನ್ನು ಗುರುತಿಸುವ ಪುಟ್ಟ ಸಾಧನ, ಮೂತಿ ಅತ್ತಿತ್ತ ತಿರುಗದಂತೆ ನೋಡಿಕೊಳ್ಳುತ್ತದೆ. ಬಾಲದ ಫ್ಯಾನ್ ಪಕ್ಕಕ್ಕಲ್ಲ, ಆಕಾಶಕ್ಕೆ ಮುಖ ಮಾಡಿರುತ್ತದೆ. ಅದು ಬಾಲವನ್ನು ಎತ್ತಿದರೆ ಮುಂದೆ, ಇಳಿಸಿದರೆ ಹಿಂದೆ.

ಬ್ರ್ಯಾಂಡ್ ಯಾವುದೇ ಇರಲಿ, ಡಬ್ಬಿಯ ಚಿತ್ರದಲ್ಲಿ ಇಷ್ಟು ನೋಡಿ: ಎರಡು ಜೊತೆ ರೆಕ್ಕೆ, ಮೇಲೊಂದು ಕಡ್ಡಿ, ಆಕಾಶ ನೋಡುವ ಬಾಲದ ಫ್ಯಾನ್. ಮೂರೂವರೆ ಚಾನೆಲ್ ಅಂತ ಬರೆದಿದ್ದರೆ ಆ ಅರ್ಧಕ್ಕೆ ಮರುಳಾಗಿ ಜಾಸ್ತಿ ದುಡ್ಡು ಕೊಡಬೇಡಿ, ಹೆಚ್ಚಾಗಿ ಗೈರೋ ಇದೆ ಅಂತ ತೋರಿಸಿಕೊಳ್ಳಲು ಹಾಕಿರುತ್ತಾರೆ. ಕೈ ಅಡ್ಡ ಹಿಡಿದರೆ ಮೇಲೆ ಹೋಗುವ ಗೊಂಬೆಯಂಥವು ಜಾತ್ರೆಗಳಲ್ಲಿ ಸಿಗುತ್ತವಲ್ಲ, ಅವು ಬೇರೆ ಜಾತಿ, ನಮ್ಮ ಮಾತು ಕೇಳುವುದಿಲ್ಲ. ಇನ್ನೊಂದು, 2021ರ ಜನವರಿಯಿಂದ ನಮ್ಮ ದೇಶದಲ್ಲಿ ಮಾರುವ ಆಟಿಕೆಗೆ ಐಎಸ್ಐ ಗುರುತು ಕಡ್ಡಾಯ. ಆ 450 ರೂಪಾಯಿಯದರ ಡಬ್ಬಿಯಲ್ಲಿ ಅದೂ ಇರಲಿಲ್ಲ. ಆಗ ನೋಡಲಿಲ್ಲ, ಈಗ ನೋಡುತ್ತೇನೆ.

ಸೈಮಾದ ರಿಮೋಟ್ ಇನ್ಫ್ರಾರೆಡ್, ಅಂದರೆ ಕಣ್ಣಿಗೆ ಕಾಣದ ಬೆಳಕಿನಲ್ಲಿ ಕೆಲಸ ಮಾಡುವಂಥದ್ದು, ಟಿವಿ ರಿಮೋಟ್ ಹಾಗೆ. ಇದರ ಬಗ್ಗೆ ಒಂದು ಕತೆ ಇದೆ. ಒಂದು ದಿನ ಮಳೆ ಬಿಟ್ಟು ಅಪರೂಪಕ್ಕೆ ಬಿಸಿಲು ಬಂತು. ಹೆಲಿಕಾಪ್ಟರ್ ಚೆನ್ನಾಗಿ ಹಾರುತ್ತಿದ್ದುದು ನಡುಮನೆಯ ಒಂದೇ ಜಾಗಕ್ಕೆ ಬಂದಾಗೆಲ್ಲ ಧೊಪ್ಪನೆ ಬೀಳುತ್ತಿತ್ತು. ಮೂರು ಸಲ ಹಾಗೇ ಆಯಿತು. ನಮ್ಮ ಅತ್ತೆ ಎಲೆ ಅಡಿಕೆ ಹಾಕುತ್ತಾ ನೋಡುತ್ತಿದ್ದವರು, "ಬಿಸಿಲು ಬಿದ್ದಲ್ಲೇ ಬೀಳ್ತಾ ಉಂಟಲ್ಲ ಅದು" ಅಂದರು. ತಲೆ ಎತ್ತಿ ನೋಡಿದರೆ ಹೌದು, ಮೇಲೆ ಗಾಜಿನ ಹೆಂಚು! ಬಿಸಿಲಿನಲ್ಲೂ ಇನ್ಫ್ರಾರೆಡ್ ತುಂಬಾ ಇರುತ್ತದೆ, ಅದರಲ್ಲಿ ರಿಮೋಟ್‌ನ ಸಿಗ್ನಲ್ ಮುಳುಗಿಹೋಗುತ್ತದೆ. ಕೊಡಗಿನ ಮಳೆಗಾಲದಲ್ಲಿ ಬಿಸಿಲಿನ ಭಯ ಎಷ್ಟಿದೆ ಅಂತ ನಿಮಗೇ ಗೊತ್ತು, ಹಾಗಾಗಿ ಇದನ್ನು ದೊಡ್ಡ ದೋಷ ಅಂತ ನಾನು ಹೇಳುವುದಿಲ್ಲ. ಅಂಗಳದಲ್ಲಿ ಹಾರಿಸುವ ಆಸೆ ಇದ್ದರೆ ಮಾತ್ರ ಬೇಡ. ರೇಡಿಯೋ ಅಲೆಯಲ್ಲಿ ಕೆಲಸ ಮಾಡುವ 2.4 ಗಿಗಾಹರ್ಟ್ಸ್ ರಿಮೋಟ್‌ನದಕ್ಕೆ ಬಿಸಿಲಿನ ಕಾಟ ಇಲ್ಲ, ಆದರೆ ಇಷ್ಟು ಹಗುರದ ಹೆಲಿಕಾಪ್ಟರನ್ನು ಹೊರಗಿನ ಗಾಳಿ ಹೇಗೂ ಎತ್ತಿಕೊಂಡು ಹೋಗಿ ಕಾಫಿ ಗಿಡದ ಮೇಲೆ ಕೂರಿಸುತ್ತದೆ.

ಬ್ಯಾಟರಿ ವಿಷಯದಲ್ಲಿ ಆಸೆ ಕಮ್ಮಿ ಇಟ್ಟುಕೊಳ್ಳಿ. ಒಳಗಿರುವುದು 3.7 ವೋಲ್ಟ್, 150 ಎಂಎಎಚ್‌ನ ಪುಟ್ಟ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ. ಮುಕ್ಕಾಲು ಗಂಟೆ ಚಾರ್ಜ್ ಮಾಡಿದರೆ ಏಳೆಂಟು ನಿಮಿಷ ಹಾರುತ್ತದೆ. ಅಷ್ಟೇನಾ ಅಂತ ಮಗ ಅತ್ತ. ಇಳಿದ ತಕ್ಷಣ ಚಾರ್ಜ್‌ಗೆ ಹಾಕಬೇಡಿ, ಹತ್ತು ನಿಮಿಷ ತಣ್ಣಗಾಗಲಿ. ಚಾರ್ಜ್‌ಗೆ ಹಾಕಿ ರಾತ್ರಿ ಮಲಗಬೇಡಿ. ನಮ್ಮಲ್ಲಿ ಗಾಳಿ ಮಳೆಗೆ ಮರ ಬಿದ್ದು ಕರೆಂಟ್ ಹೋದರೆ ಬರುವುದು ಯಾವಾಗಲೋ, ಪವರ್ ಬ್ಯಾಂಕಿನಿಂದ ಯುಎಸ್‌ಬಿ ಹಾಕಿ ನೋಡಿದೆ. ಇಷ್ಟು ಕಮ್ಮಿ ಕರೆಂಟ್ ಎಳೆದರೆ ಕೆಲವು ಪವರ್ ಬ್ಯಾಂಕ್ ತಾನಾಗಿಯೇ ಆಫ್ ಆಗುತ್ತದೆ, ನಮ್ಮದೂ ಹಾಗೇ ಮಾಡಿತು. ಆಗ ರಿಮೋಟ್‌ನಿಂದಲೇ ಚಾರ್ಜ್ ಮಾಡುವ ವಯರ್ ಕೈ ಹಿಡಿಯಿತು. ಆದರೆ ಆ ರಿಮೋಟ್‌ಗೆ ಆರು ಪೆನ್ಸಿಲ್ ಸೆಲ್ ಬೇಕು, ಡಬ್ಬಿಯಲ್ಲಿ ಸೆಲ್ ಬರುವುದಿಲ್ಲ, ಹೀಗೆ ಚಾರ್ಜ್ ಮಾಡಿದರೆ ಅವೂ ಬೇಗ ಮುಗಿಯುತ್ತವೆ. ಆಟ ಮುಗಿದ ಮೇಲೆ ಸೆಲ್ ತೆಗೆದಿಡಿ. ನಾನು ಒಂದು ತಿಂಗಳು ಮರೆತೆ, ಆ ಥಂಡಿಗೆ ಸ್ಪ್ರಿಂಗ್ ಎಲ್ಲ ಹಸಿರು ತುಕ್ಕು.

ಹಾರಿಸುವವರಿಗೆ ಒಂದೇ ಮಾತು. ಏನಾದರೂ ತಾಗಿತು ಅಂದ ಕೂಡಲೇ ಥ್ರಾಟಲ್ ಪೂರ್ತಿ ಇಳಿಸಿ, ಬೀಳುವುದಾದರೆ ಬೀಳಲಿ. ಬೀಳಬಾರದು ಅಂತ ಎಲ್ಲರೂ ಇನ್ನಷ್ಟು ಏರಿಸುತ್ತಾರೆ, ಅದೇ ತಪ್ಪು. ಬಿದ್ದರೆ ಇದಕ್ಕೆ ಏನೂ ಆಗುವುದಿಲ್ಲ, ರೆಕ್ಕೆ ಸಿಕ್ಕಿಕೊಂಡಿರುವಾಗ ಮೋಟಾರ್ ಓಡಿದರೆ ಹಲ್ಲಿನ ಚಕ್ರ ಸವೆಯುತ್ತದೆ, ಮೋಟಾರೇ ಸುಟ್ಟುಹೋಗಬಹುದು. ನೆಲದಿಂದ ಒಂದಡಿ ಒಳಗೆ ತನ್ನದೇ ಗಾಳಿಗೆ ಅಲುಗಾಡುತ್ತದೆ, ಹೆದರದೆ ಮೇಲೆ ಎತ್ತಿ. ಅತ್ತ ಸೂರಿಗೂ ಹತ್ತಿರ ಬೇಡ. ನಮ್ಮದು ಎರಡು ಸಲ ತೊಲೆಯ ಮೇಲೆ ಕೂತು, ಕಿತ್ತಳೆ ಕೊಯ್ಯುವ ದೋಟಿಯಲ್ಲಿ ಇಳಿಸಬೇಕಾಯಿತು. ಸೀಲಿಂಗ್ ಫ್ಯಾನ್ ಆಫ್ ಮಾಡಿ ಅಂತ ಹೇಳಬೇಕಾಗಿಲ್ಲ ಅಲ್ವಾ? ಹೇಳಬೇಕಾಗಿತ್ತು, ನಮ್ಮವರಿಗೆ.

ಕೊಳ್ಳುವಾಗಲೇ ಒಂದು ಸೆಟ್ ರೆಕ್ಕೆ, ಒಂದು ಬಾಲದ ಫ್ಯಾನ್ ತೆಗೆದುಕೊಳ್ಳಿ. ಬಿಡಿಭಾಗ ಸಿಗದ ಹೆಲಿಕಾಪ್ಟರ್ ಎಷ್ಟು ಅಗ್ಗವಾದರೂ ಅದು ದುಬಾರಿಯೇ. ರೆಕ್ಕೆಗಳ ಮೇಲೆ ಎ, ಬಿ ಅಂತ ಗುರುತು ಇರುತ್ತದೆ, ಮೇಲಿನವು ಕೆಳಗಿನವು ಬೇರೆ ಬೇರೆ, ಅದಲು ಬದಲಾದರೆ ಏಳುವುದೇ ಇಲ್ಲ. ಸ್ಕ್ರೂವನ್ನು ಬಿಗಿಯಾಗಿ ತಿರುಗಿಸಬೇಡಿ, ರೆಕ್ಕೆ ಸಡಿಲವಾಗಿ ಅಲುಗಬೇಕು. ನಾಯಿ ಕೂದಲು ರೆಕ್ಕೆ ತಿರುಗುವ ಕಂಬಿಗೆ ಸುತ್ತಿಕೊಂಡಿದೆಯೇ ಅಂತ ಆಗಾಗ ನೋಡಿ. ನಮ್ಮ ನಾಯಿಗೆ ಕಾಡುಹಂದಿ ಕಂಡರೂ ಭಯವಿಲ್ಲ, ಇದು ಸದ್ದು ಮಾಡಿದರೆ ಮಂಚದ ಕೆಳಗೆ.

ಅಣ್ಣ ಕೊಟ್ಟಿದ್ದು 1,900 ರೂಪಾಯಿ. ಅದೇ ದುಡ್ಡಿಗೆ ಪುಟ್ಟ ಡ್ರೋನ್ ಬರುತ್ತದೆ, ಅದು ಇನ್ನೂ ಸುಲಭ ಅನ್ನುವವರಿದ್ದಾರೆ. ಇರಬಹುದು. ಪಕ್ಕದ ಮನೆಯ ಹುಡುಗನ ಡ್ರೋನ್ ಹಾರಿಸಿ ನೋಡಿದೆ, ಜೇನು ಹುಳದ ಹಾಗೆ ಕಿರುಚುತ್ತದೆ, ಮೂತಿ ಯಾವ ಕಡೆ ಅಂತಲೇ ಗೊತ್ತಾಗಲಿಲ್ಲ. ಹೆಲಿಕಾಪ್ಟರ್‌ಗೆ ಬಾಲ ಇದೆ, ಮಕ್ಕಳಿಗೆ ದಿಕ್ಕು ತಿಳಿಯುತ್ತದೆ. ಮಗನಿಗೆ ಎರಡು ದಿನದಲ್ಲಿ ಕೈಗೆ ಹತ್ತಿತು. ನಮ್ಮ ಕೊಡಗಿನ ಕಕ್ಕಡ ತಿಂಗಳ ಹದಿನೆಂಟರ ದಿನ ಮದ್ದು ಸೊಪ್ಪಿನ ಪಾಯಸ ಕುಡಿಯಲು ಬಂದ ನೆಂಟರ ಎದುರು ಬಟ್ಟೆ ಹಗ್ಗದ ಕೆಳಗೆ ನುಸುಳಿಸಿ ಅಜ್ಜಿಯ ಕಾಲ ಬುಡದಲ್ಲಿ ಇಳಿಸಿದ. ನಮ್ಮೆಜಮಾನರು ಈಗಲೂ ಗೋಡೆಗೆ ಹೊಡೆಯುತ್ತಾರೆ, ಅದಕ್ಕೇ ಬಾಲದ ಫ್ಯಾನ್ ಇನ್ನೂ ಎರಡು ತರಿಸಿದ್ದೇನೆ.