ಪುನರ್ಪುಳಿ ಬಣ್ಣ: ನೆನೆಸಿದ್ದು, ಕುದಿಸಿದ್ದು, ಮೈಕ್ರೋವೇವ್‌ನಲ್ಲಿಟ್ಟದ್ದು

ಊರಿಂದ ಅಮ್ಮ ಕಳಿಸಿದ ಒಣ ಪುನರ್ಪುಳಿ ಸಿಪ್ಪೆ ಡಬ್ಬಿಯಲ್ಲಿ ಹಾಗೇ ಕೂತಿತ್ತು. ಉತ್ತರ ಕನ್ನಡದ ಕಡೆ ಮುರುಗಲು ಅಂತಾರಲ್ಲ, ಅದೇ ಕೆಂಪು ಹುಳಿ ಹಣ್ಣು. ಶರಬತ್ತಿಗೆ ಅದರ ಬಣ್ಣ ಇಳಿಸೋಕೆ ಯಾವ ದಾರಿ ಒಳ್ಳೇದು ಅಂತ ಒಂದು ಭಾನುವಾರ ಮೂರನ್ನೂ ಮಾಡಿ ನೋಡಿದೆ. ಪ್ರತಿಯೊಂದಕ್ಕೂ 10 ಗ್ರಾಂ ಸಿಪ್ಪೆ, 200 ಮಿಲಿ ನೀರು.

ರಾತ್ರಿ ನೆನೆಸಿಟ್ಟದ್ದರ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ. ಬೆಳಿಗ್ಗೆ ಕಡುಗೆಂಪು ನೀರು, ಹದವಾದ ಹುಳಿ. ಎಂಟು ಗಂಟೆ ಕಾಯಬೇಕು, ಅಷ್ಟೇ. ಒಲೆಯ ಮೇಲೆ 20 ನಿಮಿಷ ಕುದಿಸಿದ್ದು ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಸಿಪ್ಪೆಯ ಕೆಂಪಿಗೆ ಕಾರಣ ಆಂಥೋಸಯನಿನ್ ಅನ್ನೋ ಬಣ್ಣದ ವಸ್ತು. ಜಾಸ್ತಿ ಹೊತ್ತು ಬಿಸಿ ತಾಗಿದರೆ ಅದು ಒಡೆದು ಹಾಳಾಗುತ್ತೆ.

ಮೈಕ್ರೋವೇವ್ ಮೊದಲ ಸಲ ಕೈಕೊಟ್ಟಿತು. ಒಣ ಸಿಪ್ಪೆಯನ್ನು ನೀರಿಗೆ ಹಾಕಿ ಒಂದೇ ಸಲ ಎರಡು ನಿಮಿಷ ಇಟ್ಟೆ. ನೀರು ಉಕ್ಕಿ ಗಾಜಿನ ತಟ್ಟೆಯೆಲ್ಲ ಕೆಂಪು. ಸಿಪ್ಪೆ ಮುರಿದು ನೋಡಿದರೆ ಒಳಗೆ ಇನ್ನೂ ಗಟ್ಟಿ! ಆಮೇಲೆ ಹೊಳೆಯಿತು: ಮೈಕ್ರೋವೇವ್ ಅಲೆಗಳು ಮುಖ್ಯವಾಗಿ ಬಿಸಿ ಮಾಡೋದು ನೀರನ್ನು. ಸಿಪ್ಪೆಯೊಳಗೆ ನೀರೇ ಇಲ್ಲದಿದ್ದರೆ ಸುತ್ತಲಿನ ನೀರು ಕಾಯುತ್ತೆ, ಅಷ್ಟೇ. ಅದು ಒಲೆಯ ಕೆಲಸವೇ ಆಯ್ತಲ್ವಾ?

ಎರಡನೇ ಸಲ 15 ನಿಮಿಷ ನೆನೆಸಿ, 20 ಸೆಕೆಂಡಿನಂತೆ ಆರು ಸಲ ಇಟ್ಟೆ, ನಡುನಡುವೆ ಕಲಕಿದೆ. ಈಗ ಕಾವು ಸಿಪ್ಪೆಯ ಒಳಗಿನಿಂದಲೇ ಎದ್ದು ಬಣ್ಣವನ್ನು ಹೊರಕ್ಕೆ ತಳ್ಳಿತು. ಲ್ಯಾಬ್‌ಗಳಲ್ಲಿ ಗಿಡದಿಂದ ಬಣ್ಣ, ಎಣ್ಣೆ ತೆಗೆಯೋದೂ ಇದೇ ಉಪಾಯದಿಂದ. 1986ರಲ್ಲೇ ಹಂಗೇರಿಯ ವಿಜ್ಞಾನಿಗಳು ಇದರ ಬಗ್ಗೆ ಬರೆದಿದ್ದರು. ಅಲ್ಲಿ ಆಲ್ಕೋಹಾಲ್ ಕೂಡ ಬಳಸುತ್ತಾರೆ, ಅದಕ್ಕೆ ಬೇರೆಯೇ ಯಂತ್ರ ಇದೆ. ಮನೆಯ ಓವನ್ನಿನಲ್ಲಿ ಆ ಸಾಹಸ ಬೇಡವೇ ಬೇಡ. ಆಲ್ಕೋಹಾಲ್ ಆವಿ ಹೊತ್ತಿಕೊಳ್ಳೋಕೆ ಒಂದು ಕಿಡಿ ಸಾಕು.

ಬಣ್ಣ ರಾತ್ರಿಯದಕ್ಕಿಂತ ಕೂದಲೆಳೆಯಷ್ಟು ಮಂಕು. ನಾಲಿಗೆಗೆ ಸ್ವಲ್ಪ ಒಗರು ಜಾಸ್ತಿ. ಆದರೆ ಹಿಂಡಿದ ಸಿಪ್ಪೆಗಳಿಗೆ ಮತ್ತೆ ನೀರು ಹಾಕಿ ನೋಡಿದಾಗ, ಮೈಕ್ರೋವೇವ್‌ನದು ತೆಳು ಗುಲಾಬಿಯಷ್ಟೇ ಬಿಟ್ಟಿತು. ರಾತ್ರಿ ನೆನೆಸಿದ್ದು ಇನ್ನೊಂದು ಲೋಟಕ್ಕಾಗುವಷ್ಟು ಬಣ್ಣ ಇಟ್ಟುಕೊಂಡಿತ್ತು. ಆಂಥೋಸಯನಿನ್ ಎಷ್ಟು ಉಳಿದಿದೆ ನೋಡೋಣ ಅಂತ ಬಿಳಿ ತಟ್ಟೆಯಲ್ಲಿ ಮೂರರ ಒಂದೊಂದು ಹನಿ ಇಟ್ಟು ಸೋಡಾಪುಡಿ ಉದುರಿಸಿದೆ. ಮೂರಕ್ಕೂ ಬುರುಬುರು ನೊರೆ ಬಂತು. ನೆನೆಸಿದ್ದು, ಮೈಕ್ರೋವೇವ್‌ನದು ಎರಡೂ ಹಸಿರು ಮಿಶ್ರಿತ ನೀಲಿಗೆ ತಿರುಗಿದವು. ಕುದಿಸಿದ್ದು ಸುಮ್ನೆ ಕೆಸರಿನ ಬಣ್ಣ.

ನೆಂಟರು ಬಾಗಿಲಲ್ಲಿ ನಿಂತಾಗ ನಾನು ಮೈಕ್ರೋವೇವ್‌ಗೇ ಕೈ ಹಾಕುತ್ತೇನೆ. ಹತ್ತು ಲೋಟ ಬೇಕಾದರೆ ಮಾತ್ರ ಹಿಂದಿನ ರಾತ್ರಿಯೇ ನೆನೆಸಿಡೋದು. ಸ್ವಲ್ಪ ಸ್ವಲ್ಪವಾಗಿ ಓವನ್ನಿಗೆ ಹಾಕಿ ತೆಗೆಯುವ ತಾಳ್ಮೆ ನನಗಿಲ್ಲ.

ಕುದಿಸಿದ್ದನ್ನು ಚೆಲ್ಲೋಕೆ ಹೊರಟಿದ್ದೆ. ಫೋನಿನಲ್ಲಿ ಅಮ್ಮ, "ಚೆಲ್ಲಬೇಡ, ಬೆಲ್ಲ ಹಾಕು, ಒಗ್ಗರಣೆ ಕೊಡು" ಅಂದರು. ಮಧ್ಯಾಹ್ನದ ಊಟಕ್ಕೆ ಅದೇ ಸಾರಾಯಿತು.