ಆರ್‌ಡಿ, ಪಿಪಿಎಫ್, ಇಂಡೆಕ್ಸ್ ಫಂಡ್: ಮೂರರಲ್ಲೂ ಹಣ ಹಾಕಿ ನೋಡಿದ ಮೇಲೆ

2019ರ ಜೂನ್‌ನಲ್ಲಿ, ಮುಂಬೈ ಬಳಿಯ ಡೊಂಬಿವಲಿಯ ಮನೆ ಬಾಡಿಗೆ ಮತ್ತು ಊರಿಗೆ ಕಳುಹಿಸುವ ಹಣ ಕಳೆದು ಸಂಬಳದಲ್ಲಿ ತಿಂಗಳಿಗೆ 15 ಸಾವಿರ ರೂಪಾಯಿ ಉಳಿಯುತ್ತದೆ ಎಂದು ಖಚಿತವಾದಾಗ, ಅದನ್ನು ಮೂರು ಸಮಪಾಲು ಮಾಡಿ ಬ್ಯಾಂಕಿನ ಐದು ವರ್ಷದ ಆರ್‌ಡಿ, ಅಂಚೆ ಕಚೇರಿಯ ಪಿಪಿಎಫ್ ಮತ್ತು ನಿಫ್ಟಿ 50 ಸೂಚ್ಯಂಕವನ್ನು ಅನುಸರಿಸುವ ಇಂಡೆಕ್ಸ್ ಫಂಡಿನ ಎಸ್‌ಐಪಿಯಲ್ಲಿ ಹಾಕತೊಡಗಿದೆ. ಆರ್‌ಡಿ ಎಂದರೆ ತಿಂಗಳಿಗೆ ಇಷ್ಟು ಎಂದು ಕಟ್ಟುತ್ತ ಹೋಗುವ ನಿಗದಿತ ಅವಧಿಯ ಠೇವಣಿ; ಪಿಪಿಎಫ್ ಸರ್ಕಾರದ ದೀರ್ಘಾವಧಿಯ ಉಳಿತಾಯ ಯೋಜನೆ. ನಿಫ್ಟಿ 50 ಷೇರುಪೇಟೆಯ 50 ದೊಡ್ಡ ಕಂಪನಿಗಳ ಸೂಚ್ಯಂಕ, ಅದನ್ನು ಅನುಸರಿಸುವ ಫಂಡ್ ಆ ಕಂಪನಿಗಳ ಷೇರುಗಳಲ್ಲೇ ಹಣ ಹಾಕುತ್ತದೆ; ಎಸ್‌ಐಪಿ ಎಂದರೆ ಫಂಡಿಗೆ ಪ್ರತಿ ತಿಂಗಳೂ ತಾನಾಗಿ ಹೋಗುವ ಕಂತು.

ಮೊದಲ ಹತ್ತು ತಿಂಗಳಲ್ಲೇ ಮೂರರ ಗುಣವೂ ಬೇರೆ ಬೇರೆಯಾಗಿ ಕಂಡಿತು. 2020ರ ಮಾರ್ಚ್ 23ರಂದು ನಿಫ್ಟಿ 7,610ಕ್ಕೆ ಇಳಿದಾಗ, ಫಂಡಿಗೆ ಕಟ್ಟಿದ್ದ 50 ಸಾವಿರ ಮೊಬೈಲಿನಲ್ಲಿ 33 ಸಾವಿರದ ಆಸುಪಾಸಿಗೆ ಬಂದು ನಿಂತಿತ್ತು. ಆ ರಾತ್ರಿ ಎಸ್‌ಐಪಿ ನಿಲ್ಲಿಸುವ ಗುಂಡಿಯ ತನಕ ಹೋಗಿ ಹಿಂದೆ ಬಂದೆ. ಅದೇ ವರ್ಷದ ನವೆಂಬರಿನಲ್ಲಿ ಸೂಚ್ಯಂಕ ಜನವರಿಯ ಎತ್ತರವನ್ನು ದಾಟಿತು. ಇಳಿತದ ತಿಂಗಳುಗಳಲ್ಲಿ ಅಗ್ಗಕ್ಕೆ ಸಿಕ್ಕ ಫಂಡಿನ ಯೂನಿಟ್‌ಗಳೇ (ಪಾಲುಗಳೇ) ಮುಂದೆ ಹೆಚ್ಚು ಲಾಭ ತಂದವು.

ಪಿಪಿಎಫ್‌ನಲ್ಲಿ ಆದ ನಷ್ಟ ಸಣ್ಣದು, ಆದರೆ ತಪ್ಪಿಸಬಹುದಾಗಿದ್ದದ್ದು. ಅಲ್ಲಿ ಪ್ರತಿ ತಿಂಗಳ 5ನೇ ತಾರೀಖಿನ ಮುಕ್ತಾಯದಿಂದ ತಿಂಗಳ ಕೊನೆಯವರೆಗಿನ ಕನಿಷ್ಠ ಶಿಲ್ಕಿನ ಮೇಲೆ ಬಡ್ಡಿ ಲೆಕ್ಕ ಹಾಕುತ್ತಾರೆ. ನಾನು ಬಿಡುವು ನೋಡಿಕೊಂಡು ಎರಡನೇ ವಾರದಲ್ಲಿ ಕಟ್ಟುತ್ತಿದ್ದುದರಿಂದ ಪ್ರತಿ ಕಂತಿಗೂ ಒಂದು ತಿಂಗಳ ಬಡ್ಡಿ, ಅಂದರೆ ಸುಮಾರು 30 ರೂಪಾಯಿ, ತಪ್ಪಿತು. ವರ್ಷದ ಕೊನೆಗೆ ಪಾಸ್‌ಬುಕ್ಕಿನ ಬಡ್ಡಿಯ ಸಾಲನ್ನು ನನ್ನ ಲೆಕ್ಕದೊಂದಿಗೆ ತಾಳೆ ನೋಡಿದಾಗಲೇ ಇದು ತಿಳಿದದ್ದು.

ನಿಜವಾದ ಪರೀಕ್ಷೆ ಬಂದದ್ದು 2021ರ ಮೇ ತಿಂಗಳಲ್ಲಿ. ಕುಂದಾಪುರದಲ್ಲಿ ಅಪ್ಪಯ್ಯ ಆಸ್ಪತ್ರೆ ಸೇರಿದರು. ಮರುದಿನವೇ 60 ಸಾವಿರ ಬೇಕಾಯಿತು. ಪಿಪಿಎಫ್‌ನಿಂದ ಹಣ ಹಿಂತೆಗೆಯಲು ಇನ್ನೂ ವರ್ಷಗಳಿದ್ದವು. ಸಾಲ ಸಿಗುತ್ತಿತ್ತಾದರೂ ಅದು 2020ರ ಮಾರ್ಚ್ ಕೊನೆಯ ಶಿಲ್ಕಿನ ಕಾಲು ಭಾಗ, ಸುಮಾರು 13 ಸಾವಿರ ಮಾತ್ರ. ಫಂಡ್ ಆಗ ಲಾಭದಲ್ಲಿತ್ತು, ಆದರೆ ಮಾರಿದ ಹಣ ಖಾತೆಗೆ ಬರಲು ಕೆಲವು ದಿನ ಹಿಡಿಯುತ್ತಿತ್ತು. ಆರ್‌ಡಿಯನ್ನು ಅವಧಿಗೆ ಮುಂಚೆ ಮುರಿದದ್ದಕ್ಕೆ ಬ್ಯಾಂಕು ಬಡ್ಡಿಯಲ್ಲಿ ಶೇ. 1ರಷ್ಟು ಹಿಡಿದುಕೊಂಡಿತು, ಆದರೆ ಹಣ ಅದೇ ದಿನ ಕೈಗೆ ಬಂತು. ಇದೇ ಅಗತ್ಯ ಹಿಂದಿನ ವರ್ಷದ ಮಾರ್ಚಿನಲ್ಲಿ ಬಂದಿದ್ದು, ಫಂಡೊಂದೇ ನನ್ನ ಬಳಿ ಇದ್ದಿದ್ದರೆ, ಮೂರನೇ ಒಂದು ಪಾಲು ಕಳೆದುಕೊಂಡೇ ಮಾರಬೇಕಿತ್ತು. ಆದ್ದರಿಂದ ಹೊಸದಾಗಿ ದುಡಿಯತೊಡಗಿದವರು ಬಡ್ಡಿ ಕಡಿಮೆ ಎಂದು ಆರ್‌ಡಿಯನ್ನು ಕಡೆಗಣಿಸಬಾರದು, ಮೊದಲು ಅದನ್ನೇ ತುಂಬಿಸಿಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ತೆರಿಗೆಯ ವಿಷಯದಲ್ಲಿ ಆರ್‌ಡಿಯೇ ಹಿಂದೆ: ಅದರ ಬಡ್ಡಿ ನಮ್ಮ ಆದಾಯಕ್ಕೆ ಸೇರಿ ಆದಾಯದ ಹಂತಕ್ಕೆ (ಸ್ಲ್ಯಾಬ್) ತಕ್ಕ ದರದಲ್ಲಿ ತೆರಿಗೆಗೆ ಒಳಪಡುತ್ತದೆ. ಪಿಪಿಎಫ್ ಬಡ್ಡಿಗೆ ತೆರಿಗೆಯಿಲ್ಲ. ಹೊಸ ತೆರಿಗೆ ಪದ್ಧತಿಗೆ ಹೋದ ಮೇಲೆ, ಪಿಪಿಎಫ್‌ಗೆ ಕಟ್ಟಿದ ಹಣಕ್ಕೆ ಸಿಗುತ್ತಿದ್ದ 80ಸಿ ವಿನಾಯಿತಿ ತಪ್ಪಿದರೂ ಈ ಅನುಕೂಲ ಉಳಿಯುತ್ತದೆ. ಫಂಡನ್ನು ಒಂದು ವರ್ಷ ಮೀರಿ ಇಟ್ಟುಕೊಂಡು ಮಾರಿದರೆ, 2024ರ ಬದಲಾವಣೆಯ ನಂತರ, ಆರ್ಥಿಕ ವರ್ಷವೊಂದರಲ್ಲಿ 1.25 ಲಕ್ಷ ಮೀರಿದ ಲಾಭಕ್ಕೆ ಮಾತ್ರ ಶೇ. 12.5 ತೆರಿಗೆ.

ಈಗ ಆರು ತಿಂಗಳ ಖರ್ಚಿನಷ್ಟು ಹಣ ಬ್ಯಾಂಕಿನಲ್ಲಿದೆ, ಆರ್‌ಡಿಯ ಪಾಲು ಫಂಡಿಗೆ ಸೇರಿದೆ. ಪಿಪಿಎಫ್ ಕಂತನ್ನು 2ನೇ ತಾರೀಖಿಗೇ ಕಟ್ಟುತ್ತೇನೆ. ಆ ಖಾತೆ ಮುಗಿಯುವುದು 2035ರ ಏಪ್ರಿಲ್‌ನಲ್ಲಿ, ಮಗಳು ಕಾಲೇಜು ಸೇರುವ ವರ್ಷ.